ಪಾರ್ಕಿನ್ ಜೀನ್ ದೋಷ: ಜೀನ್ ಥೆರಪಿ ಮಾಡಿಸಿದವರು ಇದ್ದೀರಾ? ಅನುಭವ ಹೇಳಿ

ಹಾಸನದ ಅಕ್ಕ: ತಮ್ಮನಿಗೆ 36, ಕೈಕಾಲು ನಡುಗಿ ಬಿಗಿಯಾಗೋ ಪಾರ್ಕಿನ್ಸನ್ ಕಾಯಿಲೆ. ಪಾರ್ಕಿನ್ ಜೀನಿನ ಎರಡೂ ಪ್ರತಿಯಲ್ಲಿ (ಅಪ್ಪನಿಂದ ಒಂದು, ಅಮ್ಮನಿಂದ ಒಂದು) ದೋಷ ಅಂತ ರಿಪೋರ್ಟ್ ಬಂದಿದೆ. ಈ ಕಾಯಿಲೆಗೆ ಕೊಡೋ ಸಿಂಡೋಪಾ ಪ್ಲಸ್ ಅರ್ಧ ಮಾತ್ರೆಗೇ ಮೈಯೆಲ್ಲ ಕುಣಿಯುತ್ತೆ. ಮೈಟೋಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಕೊಡೋ ಭಾಗ) ಸರಿಮಾಡೋ ಜೀನ್ ಥೆರಪಿ ಇದೆ ಅಂತ ಒಂದು ಕ್ಲಿನಿಕ್‌ನವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ. ಹೋಗೋದಾ?

ಮೈಸೂರು ಮೂರ್ತಿ: ಕಾಯ್ತಾ ಕೂತ್ರೆ ಕೂತಲ್ಲೇ ಇರ್ತೀರಿ. ನಾನು 2019ರಲ್ಲಿ ಡಿಬಿಎಸ್ ಮಾಡಿಸ್ಕೊಂಡೆ, ಮೆದುಳಿಗೆ ತಂತಿ ಇಟ್ಟು ಎದೆಯಲ್ಲಿರೋ ಬ್ಯಾಟರಿಯಿಂದ ಕರೆಂಟ್ ಕೊಡೋ ಆಪರೇಷನ್. 13,40,000. ಇನ್ಶೂರೆನ್ಸ್‌ನವರು ಕೊಟ್ಟಿದ್ದು ನಾಲ್ಕು ಲಕ್ಷ, ಅದಕ್ಕೂ ಒಂಬತ್ತು ತಿಂಗಳು ಅಲೆಸಿದ್ರು. ಎದೆ ಹತ್ರ ಹೊಲಿಗೆ ಕೀವಾಗಿ ಮತ್ತೆ ಅಡ್ಮಿಟ್, 68,000. 2023ರಲ್ಲಿ ಬ್ಯಾಟರಿ ಮುಗೀತು, 5,60,000. ಸೈಟು ಹೋಯ್ತು. ಆದ್ರೂ ಸಾರನ್ನ ನನ್ನ ಕೈಲೇ ಕಲಸ್ಕೊಂಡು ತಿಂತೀನಿ. ಮಾತು ತೊದಲುತ್ತೆ ಅಂತ ಮನೆಯವಳು ಅಂತಾಳೆ, ನಂಗೇನೂ ಹಾಗನ್ನಿಸಲ್ಲ.

ಸುಮಾ, ಶಿವಮೊಗ್ಗ: ತಲೆ ಕೊರೆಸೋಕೆ ನಮ್ಮವರು ಒಪ್ಪಲಿಲ್ಲ. ಕೋಕ್ಯೂಟೆನ್ ಅನ್ನೋ ಪೂರಕ ಮಾತ್ರೆ ದಿನಕ್ಕೆ 1200 ಮಿಗ್ರಾಂ, ತಿಂಗಳಿಗೆ ಆರು ಸಾವಿರದ ಮೇಲೆ. ಆಮೇಲೆ ಸ್ಟೆಮ್ ಸೆಲ್ (ಮೂಲಕೋಶ) ಚಿಕಿತ್ಸೆ, 4,75,000, ಲಾಡ್ಜು ಊಟ ಬೇರೆ. ಒಂದು ತಿಂಗಳು ಗಾಂಧಿ ಬಜಾರ್‌ವರೆಗೆ ಒಬ್ಬರೇ ನಡೆದು ಬರ್ತಿದ್ರು. ಮಾಡಿಸಿದ್ದಕ್ಕೆ ನನಗೇನೂ ಬೇಜಾರಿಲ್ಲ.

ನ್ಯೂಜೆರ್ಸಿ ಕನ್ನಡಿಗ: ಕೋಕ್ಯೂಟೆನ್ನನ್ನು ಇಲ್ಲಿ 600 ಜನರ ಮೇಲೆ ಪರೀಕ್ಷೆ ಮಾಡಿ, 2400 ಮಿಗ್ರಾಂವರೆಗೂ ಕೊಟ್ಟು, ಉಪಯೋಗ ಇಲ್ಲ ಅಂತ 2011ರಲ್ಲೇ ನಿಲ್ಲಿಸಿದ್ರು. ಕ್ರಿಯಾಟಿನ್ ಅನ್ನೋ ಇನ್ನೊಂದು ಪೂರಕದ ಪರೀಕ್ಷೆ ಕಥೆಯೂ ಹಾಗೇ 2013ರಲ್ಲಿ ಮುಗೀತು. ಸ್ಟೆಮ್ ಸೆಲ್ಲಂತೂ 2017ರ ಐಸಿಎಂಆರ್ (ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಪ್ರಕಾರ ಪಾರ್ಕಿನ್ಸನ್‌ಗೆ ದುಡ್ಡಿಗೆ ಮಾರೋ ಹಾಗೇ ಇಲ್ಲ.

ನಮ್ಮ ಮಾವನವರನ್ನ ಜಿಡಿಎನ್‌ಎಫ್ (ನರಕೋಶ ಪೋಷಿಸೋ ಪ್ರೋಟೀನ್) ಜೀನ್ ಥೆರಪಿ ಟ್ರಯಲ್‌ಗೆ ಸೇರಿಸೋಕೆ ಓಡಾಡಿದೆ. ಎಎವಿ2 ಅನ್ನೋ ವೈರಸ್ಸನ್ನ ಗಾಡಿ ಥರ ಬಳಸಿ, ಅದರಲ್ಲಿ ಜೀನ್ ಇಟ್ಟು ಮೆದುಳಿನ ಒಳಗಿನ ಪುಟಾಮೆನ್ ಅನ್ನೋ ಭಾಗಕ್ಕೆ ಬಿಡ್ತಾರೆ. ಅರ್ಧ ದಾರಿಲಿ ವಯಸ್ಸು ಜಾಸ್ತಿ ಅಂದ್ರು. ಸೇರಿದವರಲ್ಲೂ ಕೆಲವರಿಗೆ ಔಷಧ ಇಲ್ಲದ ಸುಳ್ಳು ಸರ್ಜರಿ. ಅದೂ ಉಳಿದ ನರಕೋಶಗಳನ್ನ ಕಾಪಾಡೋ ಪ್ರಯತ್ನ ಅಷ್ಟೇ, ಕೆಟ್ಟ ಪಾರ್ಕಿನ್ ಜೀನ್ ರಿಪೇರಿ ಅಲ್ಲ. ಪಾರ್ಕಿನ್ ಜೀನನ್ನೇ ಸೇರಿಸೋ ಕೆಲಸ ಇಲಿಗಳಲ್ಲಿ ನಡೆದಿದೆ. ಅದನ್ನ ನಿಮಗೆ ಮಾರ್ತೀನಿ ಅಂದವನು ಕಳ್ಳ.

ಸುಮಾ, ಶಿವಮೊಗ್ಗ: ಡಾಲರಲ್ಲಿ ಕೂತು ಬುದ್ಧಿ ಹೇಳೋದು ಸುಲಭ. ರಾತ್ರಿ ಮಗ್ಗುಲು ಬದಲಿಸೋಕಾಗದ ಗಂಡಸನ್ನ ಎತ್ತಿ ನೋಡಿ ಸರ್.

ನ್ಯೂಜೆರ್ಸಿ ಕನ್ನಡಿಗ: ಎತ್ತಿದೀನಿ ಮೇಡಂ. ಇಲ್ಲಿ ಎತ್ತೋಕೆ ಆಳು ಸಿಗಲ್ಲ.

ಸರೋಜಮ್ಮ, ಗದಗ: ಎರಡೂ ಪ್ರತಿ ಕೆಟ್ಟಾವಂದ್ರ ಅವ್ವ-ಅಪ್ಪ ಸೋದರಿಕಿನೇ ಇರಬೇಕ. ನಮ್ಮ ಮನ್ಯಾಗ ಅಕ್ಕನ ಮಗಳನ್ನ ತಂದ್ಕೊಂಡ್ರು, ಇಬ್ಬರು ಹುಡುಗರಿಗೆ ನಲವತ್ತರೊಳಗ ಬಂತು. ಬ್ಯಾಡ ಬ್ಯಾಡ ಅಂತ ಬಡಕೊಂಡೆ, ಯಾರ ಕೇಳ್ಯಾರ?

ಮೈಸೂರು ಮೂರ್ತಿ: ಇರಲೇಬೇಕು ಅಂತೇನಿಲ್ಲ. ಸಂಬಂಧವೇ ಇಲ್ಲದ ಗಂಡ ಹೆಂಡತಿಯಿಂದ ಬೇರೆ ಬೇರೆ ದೋಷ ಒಂದೊಂದು ಬರಬಹುದು. ಡಿಬಿಎಸ್‌ಗೆ ಮುಂಚೆ ನಮ್ಮ ಡಾಕ್ಟರೇ ಹೇಳಿದ್ದು.

ಸುಮಾ, ಶಿವಮೊಗ್ಗ: ನಾನು ಸೋದರಮಾವನನ್ನೇ ಮದುವೆ ಆದವಳು. ಮೂರೂ ಮಕ್ಕಳು ಗಟ್ಟಿಯಾಗಿದ್ದಾರೆ. ಹಿಂದಿನವರೇನು ದಡ್ಡರಾ?

ಸರೋಜಮ್ಮ, ಗದಗ: ಮಕ್ಕಳ ವಯಸ್ಸೆಷ್ಟವಾ ಈಗ? ನಲವತ್ತು ದಾಟಲಿ ತಡಿ.

ಮೈಸೂರು ಮೂರ್ತಿ: ಅಮ್ಮಾ, ಶಾಪ ಹಾಕೋಕೆ ಬಂದ್ರಾ ಇಲ್ಲಿಗೆ?

ಸರೋಜಮ್ಮ, ಗದಗ: ಶಾಪ ಅಲ್ಲೋ ತಮ್ಮಾ. ಜೀನ್ ಟೆಸ್ಟ್ ಮಾಡಸ್ರಿ ಅಂತ ಹೇಳಾಕತ್ತೇನಿ. ನಮ್ಮ ಹುಡುಗರಿಗೆ 22,000 ತಗೊಂಡ್ರು, ಒಬ್ಬಬ್ಬರಿಗೆ.