ಬಾಯಿಪಾಠದ ಬಾವಿ

“7 ಅಂಕ ಕಣ್ರೀ! ಎ ಗ್ರೇಡ್ ಬಂದರೆ 7, ಬಿ ಬಂದರೆ 5, ಸಿ ಬಂದರೂ 3. ಹತ್ತನೇ ಕ್ಲಾಸಿನ ಮಾರ್ಕ್ಸಿಗೆ ಸೇರಿಸ್ತಾರೆ. ಇಷ್ಟು ಸುಲಭವಾಗಿ ಯಾವ ಗಣಿತದ ಮೇಷ್ಟ್ರು ಕೊಡ್ತಾರೆ ಹೇಳಿ?”

ಮೂರ್ತಿ ಬ್ಯಾಂಕಿನವರು. ಬಡ್ಡಿ ದರ ಹೇಳುವ ಧಾಟಿಯಲ್ಲೇ ಹೇಳಿದರು. ನಾವು ನಾಲ್ವರು ಮುಂಬೈಯ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿ, ಮಾಟುಂಗಾದ ಉಡುಪಿ ಹೋಟೆಲಿಗೆ ಬಂದಿದ್ದೆವು. ಮಾತಾಡಬೇಕಾಗಿದ್ದು ನಾಟಕದ ಬಗ್ಗೆ. ಆದರೆ ಮೂರ್ತಿಯ ತಲೆಯಲ್ಲಿ ಮಗಳು ಅನನ್ಯಳ ಡ್ರಾಯಿಂಗ್ ಪರೀಕ್ಷೆ ಕೂತಿತ್ತು. ಒಂಬತ್ತನೇ ಕ್ಲಾಸು. ಮೊದಲ ಹಂತ ಎಲಿಮೆಂಟರಿ ಮುಗಿದಿದೆ, ಈಗ ಇಂಟರ್‌ಮೀಡಿಯೆಟ್. ಮಹಾರಾಷ್ಟ್ರ ಸರ್ಕಾರದ ಕಲಾ ಇಲಾಖೆ ನಡೆಸುವ ಪರೀಕ್ಷೆ ಅದು.

“ನಮ್ಮ ಕಡೆ ಲೋಯರ್, ಹೈಯರ್ ಅಂತ ಇದ್ದವು” ಅಂದರು ಧಾರವಾಡದ ಕುಲಕರ್ಣಿ. “ನಾನು ಲೋಯರ್‌ಗೆ ಕೂತಿದ್ದೆ. ತಯಾರಿ ಏನೂ ಇರಲಿಲ್ಲ. ಡ್ರಾಯಿಂಗ್ ಪಿರಿಯಡ್ ಅಂದರೆ ಗಣಿತದ ಮಾಸ್ತರು ಬಂದು ಬಾಕಿ ಲೆಕ್ಕ ಮುಗಿಸೋ ಹೊತ್ತು.”

“ನಮಗೆ ಡ್ರಾಯಿಂಗ್ ಮೇಷ್ಟ್ರೇ ಇದ್ದರು” ಅಂದರು ಶೆಟ್ಟರು. “ಆದರೆ ಅವರಿಗೆ ವರ್ಷವಿಡೀ ಸ್ಕೂಲ್ ಡೇ ಬೋರ್ಡ್ ಬರೆಯುವ ಕೆಲಸ ಮಾರಾಯ್ರೆ. ನಮಗೆ ಮಾವಿನಹಣ್ಣು ಬರೆಯಿರಿ ಅಂತ ಹೇಳಿ ಏಣಿ ಹತ್ತಿಬಿಡ್ತಿದ್ದರು.”

ಅಂತೂ ನಾವು ಮೂವರೂ ಚಿತ್ರಕಲೆ ಕಲಿತದ್ದು ಹೀಗೆ. ನನ್ನದನ್ನು ಹೇಳುವುದು ಬೇಡ.

ಈಗ ಹಾಗಲ್ಲವಂತೆ. ನಾಲ್ಕು ಪೇಪರು. ಎದುರಿಗಿಟ್ಟ ಸಾಮಾನು ನೋಡಿ ಬರೆಯೋ ಸ್ಟಿಲ್ ಲೈಫ್, ಮೆಮರಿ ಡ್ರಾಯಿಂಗ್, ಡಿಸೈನ್, ಆಮೇಲೆ ಜ್ಯಾಮಿತಿ ಜೊತೆ ಅಕ್ಷರ ಬರೆಯೋದು. ಪೆನ್ಸಿಲ್ ಅಂದರೆ ಒಂದಲ್ಲ, ಎಚ್‌ಬಿ, 2ಬಿ, 4ಬಿ. ಪೋಸ್ಟರ್ ಕಲರು ಬೇರೆ, ವಾಟರ್ ಕಲರು ಬೇರೆ. ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಸಗಟು ಅಂಗಡಿಗೆ ಹೋಗಿ ತಂದರೂ ಮೂರ್ತಿಗೆ ಬಿಲ್ಲು ನೋಡಿ ಎದೆ ಝಲ್ಲೆಂದಿತಂತೆ. ಖರ್ಚಾದದ್ದನ್ನು 7ರಿಂದ ಭಾಗಿಸಿ ಒಂದು ಅಂಕಕ್ಕೆ ಎಷ್ಟು ಬಿತ್ತು ಅಂತ ಹೇಳಿದರು. ಬ್ಯಾಂಕಿನವರ ಅಭ್ಯಾಸ, ಬಿಡಿ.

“ದುಡ್ಡು ಹೋಗಲಿ. ಮನೆಯಲ್ಲಿ ಊಟ ಹೋಯ್ತಲ್ಲ! ಟೇಬಲ್ ಮೇಲೆ ಹಿತ್ತಾಳೆ ಚೊಂಬು, ಪಕ್ಕದಲ್ಲಿ ಎರಡು ಬದನೆಕಾಯಿ, ಹಿಂದೆ ನನ್ನ ಟವೆಲ್ಲು. ಟವೆಲ್ಲಿನ ಮಡಿಕೆ ಕಾಣಬೇಕಂತೆ. ಮುಟ್ಟಿದರೆ ಕಿರುಚ್ತಾಳೆ. ಪಲ್ಯಕ್ಕೆ ತಂದ ಬದನೆಕಾಯಿ ಅದು! ವಾರದಿಂದ ನಮ್ಮನ್ನೇ ನೋಡ್ತಾ ಕೂತಿದೆ.”

“ಚಿತ್ರ ಹೇಗೆ ಬಂದಿದೆ?”

“ಚೆನ್ನಾಗೇ ಇದೆ. ಆದರೆ ನೆರಳಿಗೆ ಕಪ್ಪು ಹಾಕಿಲ್ಲ. ಕೇಳಿದರೆ, ‘ನೆರಳು ಕಪ್ಪಲ್ಲ ಅಪ್ಪ, ಸರಿಯಾಗಿ ನೋಡು’ ಅಂದಳು. ನೋಡಿದೆ. ನನಗೆ ಕಪ್ಪಾಗೇ ಕಾಣಿಸ್ತು.”

ಇಲ್ಲಿಯವರೆಗೆ ಮಾತು ತಣ್ಣಗೇ ಇತ್ತು. ಜಗಳ ಹತ್ತಿದ್ದು ಮೆಮರಿ ಡ್ರಾಯಿಂಗ್ ಬಂದಾಗ. ಒಂದು ವಿಷಯ ಕೊಡುತ್ತಾರೆ, ತರಕಾರಿ ಮಾರುವವಳು, ಬಸ್ ಸ್ಟಾಪು, ಹೀಗೆ ಏನಾದರೂ. ಎದುರಿಗೆ ಏನೂ ಇರುವುದಿಲ್ಲ. ಕಂಡದ್ದನ್ನು ನೆನಪು ಮಾಡಿಕೊಂಡು ಬರೆಯಬೇಕು. ಅನನ್ಯ ಇದರಲ್ಲೇ ತಕರಾರು ಮಾಡುತ್ತಾಳಂತೆ.

“ಟ್ಯೂಷನ್ ಸರ್ ಒಂದು ಬಾವಿಯ ಚಿತ್ರ ಕೊಟ್ಟಿದ್ದಾರೆ. ಬಾವಿ, ಕೊಡ ಹೊತ್ತ ಹೆಂಗಸು, ಹಿಂದೆ ಗುಡಿಸಲು, ತೆಂಗಿನಮರ. ಅದನ್ನೇ ಇಪ್ಪತ್ತು ಸಲ ಬರೆದು ಬಾಯಿಪಾಠ ಮಾಡಿಕೋ ಅಂದಿದ್ದಾರೆ. ವಿಷಯ ಹಳ್ಳಿ ಅಂತ ಬಂದರೆ ಹಾಗೇ ಇಳಿಸೋದು. ಸಂತೆ ಅಂತ ಬಂದರೆ ಬಾವಿ ತೆಗೆದು ತರಕಾರಿ ಬುಟ್ಟಿ ಇಡೋದು. ಹಬ್ಬ ಅಂದರೆ ಗುಡಿಸಲಿಗೆ ತೋರಣ. ಎಷ್ಟು ಸುಲಭ! ಇವಳು ಒಪ್ಪಲ್ಲ. ‘ನಾನು ಬಾವಿ ನೋಡೇ ಇಲ್ಲ, ಡೊಂಬಿವಲಿಯಲ್ಲಿ ಬಾವಿ ಎಲ್ಲಿದೆ’ ಅಂತಾಳೆ.”

ಕುಲಕರ್ಣಿ ಇಡ್ಲಿ ಬಿಟ್ಟು ತಲೆ ಎತ್ತಿದರು. “ಸರಿಯಾಗೇ ಕೇಳ್ಯಾಳಲ್ರೀ! ನೋಡಿದ್ದನ್ನ ಬರಿ ಅಂತ ಪರೀಕ್ಷೆ. ನೋಡದೇ ಇದ್ದದ್ದನ್ನ ಉರು ಹೊಡಿ ಅಂತ ಟ್ಯೂಷನ್. ನಮ್ಮ ಊರಿನ ಬಾವಿಗೆ ಕಟ್ಟೆಯೇ ಇರಲಿಲ್ಲ. ಒಂದು ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಗಾಲಿಯಂಗ ತಗ್ಗು ಬಿದ್ದಿತ್ತು. ಆ ತಗ್ಗು ನಿಮ್ಮ ಸರ್ ಚಿತ್ರದಾಗ ಐತೇನು?”

“ತಗ್ಗಿಗೆ ಅಂಕ ಇಲ್ಲ” ಅಂದರು ಮೂರ್ತಿ.

“ಹಾಗಾದರೆ ನೀವು ಬರೆಯಿರಿ ನೋಡುವ” ಅಂದರು ಶೆಟ್ಟರು. “ಬಾವಿ ಬೇಡ. ದಿನಾ ಡೊಂಬಿವಲಿಯಿಂದ ಲೋಕಲ್‌ನಲ್ಲಿ ಬರ್ತೀರಲ್ಲ, ಅದರ ಡಬ್ಬಿ ಒಳಗೆ ಹೇಗಿದೆ, ಬರೆಯಿರಿ.”

ಬಿಲ್ಲು ಮೇಜಿಗೆ ಬಂದಿತ್ತು. ಅದನ್ನೇ ತಿರುಗಿಸಿ, ಶೆಟ್ಟರ ಪೆನ್ನು ಇಸಿದುಕೊಂಡು ಮೂರ್ತಿ ಶುರು ಮಾಡಿದರು. ಎರಡು ಗೆರೆ ಎಳೆದು ನಿಂತರು. ಕೈ ಹಿಡಿಯೋಕೆ ಮೇಲಿಂದ ನೇತಾಡುತ್ತಲ್ಲ, ಅದು ದುಂಡಗಿದೆಯೋ ತ್ರಿಕೋನವೋ? ದುಂಡಗೆ ಅಂದೆ ನಾನು. ತ್ರಿಕೋನ ಅಂದರು ಕುಲಕರ್ಣಿ. ಪಶ್ಚಿಮ ಲೈನಿನದು ಬೇರೆ, ಸೆಂಟ್ರಲ್ಲಿನದು ಬೇರೆ ಅಂತ ಶೆಟ್ಟರು ಇನ್ನೊಂದು ಗಂಟು ಹಾಕಿದರು. ಫ್ಯಾನಿಗೆ ರೆಕ್ಕೆ ಎಷ್ಟು? ಸಾಮಾನು ಇಡುವ ಕಟ್ಟೆ ಸರಳಿನದೋ ತಗಡಿನದೋ? ಇಷ್ಟು ವರ್ಷ ಆ ಸರಳಿಗೇ ಜೋತುಬಿದ್ದು ಬಂದ ನಾಲ್ಕು ಗಂಡಸರಲ್ಲಿ ಒಬ್ಬರಿಗೂ ಗಟ್ಟಿಯಾಗಿ ಹೇಳಲು ಬರಲಿಲ್ಲ. ಕಣ್ಣು ಮುಚ್ಚಿ ನಿದ್ದೆ ಮಾಡಿದ್ದೇ ಜಾಸ್ತಿ, ಅಲ್ವಾ?

ಕೊನೆಗೆ ಮೂರ್ತಿ ತಮಗೆ ತಿಳಿದ ಹಾಗೆ ಬರೆದು ಮುಗಿಸಿದರು. ನಿಂತ ಮನುಷ್ಯರ ಕಾಲು ಬರೆಯೋಕೆ ಬರುವುದಿಲ್ಲ ಅಂತ ಎಲ್ಲರನ್ನೂ ಸಾಲಾಗಿ ಕೂರಿಸಿದ್ದರು.

“ನಮ್ಮ ಹೆಬ್ಬಾರರು ಹೀಗೆ ಬರೆದಿದ್ದರೆ ಕಟ್ಟಿಂಗೇರಿಯಲ್ಲೇ ಉಳೀತಿದ್ದರು” ಅಂದರು ಶೆಟ್ಟರು. ಅವರಿಗೆ ಚಿತ್ರಕಾರ ಕೆ.ಕೆ. ಹೆಬ್ಬಾರ್ ಅಂದರೆ ಮನೆಯವರು ಇದ್ದ ಹಾಗೆ. 1911ರಲ್ಲಿ ಉಡುಪಿ ಹತ್ತಿರದ ಆ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹುಡುಗ ಇಲ್ಲಿಯ ಜೆ.ಜೆ. ಸ್ಕೂಲ್ ಆಫ್ ಆರ್ಟಿಗೆ ಬಂದು ಕಲಿತ, ಅಲ್ಲೇ ಪಾಠ ಮಾಡಿದ. 1952ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ಆಗುವುದಕ್ಕೆ ಒತ್ತಾಯ ಮಾಡಿದವರಲ್ಲೂ ಅವರೊಬ್ಬರು. ಶೆಟ್ಟರು ಇದನ್ನೆಲ್ಲ ಹೇಳುವಾಗ ಗ್ಯಾಲರಿಯ ಇಟ್ಟಿಗೆ ತಾವೇ ಹೊತ್ತ ಹಾಗೆ ಹೇಳುತ್ತಾರೆ.

ಮೂರ್ತಿ ಸುಮ್ಮನಿರುತ್ತಾರೆಯೇ? ಮೈಸೂರಿನವರು. “ಅದೇ ಜೆ.ಜೆ. ನಮ್ಮ ಆರ್.ಕೆ. ಲಕ್ಷ್ಮಣ್‌ಗೆ ಸೀಟು ಕೊಡಲಿಲ್ಲ! ಪ್ರತಿಭೆ ಸಾಲದು ಅಂದುಬಿಟ್ಟರು. ಚಿಕ್ಕಂದಿನಿಂದ ಕಿಟಕಿಯಾಚೆ ಕಂಡದ್ದನ್ನೆಲ್ಲ ಬರೀತಿದ್ದ ಮನುಷ್ಯ. ಕಾಗೆಯನ್ನಂತೂ ಎಷ್ಟು ಬರೆದರೋ!”

“ಅವರಿಗೆ ಯಾರೂ ಬಾವಿ ಉರು ಹೊಡೆಸಲಿಲ್ಲ” ಅಂದೆ ನಾನು.

ಮೂರ್ತಿ ನನ್ನನ್ನು ದುರುಗುಟ್ಟಿ ನೋಡಿದರು. “ಅದೆಲ್ಲ ದೊಡ್ಡವರ ಮಾತು. ನಮ್ಮ ಹುಡುಗಿಗೆ 7 ಅಂಕ ಬರಲಿ, ಬಣ್ಣದ ಡಬ್ಬಿ ಮುಚ್ಚಿ ಸೈನ್ಸಿಗೆ ಹಾಕ್ತೀನಿ. ಐಐಟಿ ಕೋಚಿಂಗಿಗೆ ಈಗಲೇ ವಿಚಾರಿಸಿದ್ದೀನಿ.”

“ಐಐಟಿಗೆ ಹೋಗಬೇಕಾದರೆ ಡಬ್ಬಿ ಯಾಕೆ ಮುಚ್ಚಬೇಕು?” ಕುಲಕರ್ಣಿ ಕೇಳಿದರು. “ಪವಾಯಿಯ ಐಐಟಿಯಲ್ಲಿ 1969ರಿಂದ ಡಿಸೈನ್ ವಿಭಾಗ ಇದೆ. ಹನ್ನೆರಡನೇ ಕ್ಲಾಸಾದ ಮೇಲೆ ಡಿಸೈನ್ ಪದವಿಗೆ ಅವರೇ ಪ್ರವೇಶ ಪರೀಕ್ಷೆ ಮಾಡ್ತಾರೆ. ಅದರಲ್ಲಿ ಚಿತ್ರ ಬರೀಬೇಕು. ನೀವು ಬ್ಯಾಂಕಿನಲ್ಲಿ ದಿನಾ ನೋಡೋ ರೂಪಾಯಿ ಚಿಹ್ನೆ ಇದೆಯಲ್ಲ, 2010ರಲ್ಲಿ ಬಂದದ್ದು, ಅದನ್ನ ಮಾಡಿದ ಉದಯ್ ಕುಮಾರ್ ಅಲ್ಲಿಯ ವಿದ್ಯಾರ್ಥಿ. ಎರಡೂವರೆ ಲಕ್ಷ ಬಹುಮಾನ ಬಂತು.”

ಮೂರ್ತಿಯ ಕೈಯಲ್ಲಿದ್ದ ಕಾಫಿ ಲೋಟ ಬಾಯಿ ತಲುಪಲಿಲ್ಲ.

“ಐಐಟಿಯಲ್ಲಿ ಚಿತ್ರನಾ?”

“ಹೂಂ.”

“ಅದಕ್ಕೆ ಕೋಚಿಂಗ್ ಎಲ್ಲಿದೆ?”

ಶೆಟ್ಟರು ತಲೆ ಚಚ್ಚಿಕೊಂಡರು. “ಅಲ್ಲಿಯೂ ಯಾರಾದರೂ ಒಂದು ಬಾವಿ ಇಟ್ಟುಕೊಂಡೇ ಕೂತಿರ್ತಾರೆ ಮಾರಾಯ್ರೆ, ನೀವು ಫೀಸು ಕಟ್ಟಿ!”

ಹೊರಗೆ ಕಾಯುವವರು ಜಾಸ್ತಿಯಾಗಿದ್ದರು. ನಾವು ಎದ್ದೆವು. ಗಲ್ಲಾದಲ್ಲಿ ಕುಂದಾಪುರದ ಭಟ್ಟರು. ಮೂರ್ತಿ ದುಡ್ಡಿನ ಜೊತೆ ಬಿಲ್ಲು ಕೊಟ್ಟರು. ಭಟ್ಟರು ಅದನ್ನು ಹಿಂದು ಮುಂದು ಮಾಡಿ, ಕನ್ನಡಕ ಮೇಲೇರಿಸಿ ನೋಡಿದರು.

“ಇದೆಂತ ಚಿತ್ರ?”

“ಲೋಕಲ್ ಟ್ರೈನು. ಡೊಂಬಿವಲಿ ಫಾಸ್ಟ್” ಅಂದರು ಮೂರ್ತಿ, ಸ್ವಲ್ಪ ಎದೆ ಉಬ್ಬಿಸಿಯೇ.

“ಸುಳ್ಳು ಹೇಳಬೇಡಿ” ಅಂದರು ಭಟ್ಟರು, ಚಿಲ್ಲರೆ ಎಣಿಸುತ್ತಾ. “ಎಲ್ಲರಿಗೂ ಸೀಟು ಸಿಕ್ಕಿದೆ.”