ರಿಟೈರ್ ಆಯಿತು, ಬದರಿ ಕೇದಾರದ ಆಸೆ ಇದೆ, ಮನೆಯಲ್ಲಿ ಮರೆವಿನ ಅತ್ತೆ. ಹೇಗೆ ಹೊಂದಿಸುವುದು?

ತುಂಗಾತೀರದ ಟೀಚರ್:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದವಳು, ಹೈಸ್ಕೂಲ್ ಟೀಚರ್ ಆಗಿದ್ದೆ, ಹೋದ ವರ್ಷ ರಿಟೈರ್ ಆದೆ. ಯಜಮಾನರು ಅದಕ್ಕೂ ಮುಂಚೆಯೇ ಬ್ಯಾಂಕಿನಿಂದ ರಿಟೈರ್ ಆದವರು. ಬದರಿ, ಕೇದಾರ ನೋಡಬೇಕು ಅಂತ ಇಬ್ಬರಿಗೂ ಮೊದಲಿನಿಂದ ಆಸೆ. ಮಕ್ಕಳ ಓದು, ಮನೆ ಸಾಲ, ಮದುವೆ ಅಂತ ಮುಂದಕ್ಕೆ ಹಾಕುತ್ತಲೇ ಬಂದೆವು. ಮಂಡಿ ಇನ್ನೂ ಹೇಳಿದ ಮಾತು ಕೇಳುತ್ತಿದೆ. ನಾಲ್ಕೈದು ವರ್ಷ ಹೋದರೆ ಗ್ಯಾರಂಟಿ ಇಲ್ಲ.

ಮನೆಯಲ್ಲಿ ಅತ್ತೆ ಇದ್ದಾರೆ. 84 ವರ್ಷ, ಡಿಮೆನ್ಷಿಯಾ. ಬೆಳಗ್ಗೆ ಚೆನ್ನಾಗಿಯೇ ಇರುತ್ತಾರೆ, ತಮ್ಮ ಲೋಟದಲ್ಲೇ ಕಾಫಿ ಕುಡಿದು ಹೂ ಕಟ್ಟುತ್ತಾ ಕೂರುತ್ತಾರೆ. ದೀಪ ಹಚ್ಚುವ ಹೊತ್ತಾಯಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು "ಮನೆಗೆ ಹೋಗ್ತೀನಿ, ಅಪ್ಪ ಕಾಯ್ತಿರ್ತಾರೆ" ಅಂತ ಬಾಗಿಲ ಹತ್ತಿರ ನಿಂತುಬಿಡುತ್ತಾರೆ. ಆಗ ಕೈ ಹಿಡಿದುಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿಸಿ ಒಳಗೆ ಕರೆದುಕೊಂಡು ಬರಬೇಕು. ಆ ಹೊತ್ತಿನಲ್ಲಿ ಬೇರೆಯವರು ಹೋದರೆ ಕೈ ಕೊಡುವುದಿಲ್ಲ.

ಮೈದುನ ಹುಬ್ಬಳ್ಳಿಯಲ್ಲಿ, ನಾದಿನಿ ತುಮಕೂರಿನಲ್ಲಿ. ಇಬ್ಬರೂ ಒಳ್ಳೆಯವರೇ. ಆದರೆ ಮಾತೆತ್ತಿದರೆ "ನೀವು ಹೇಗೂ ಮನೆಯಲ್ಲೇ ಇರ್ತೀರಲ್ಲ ಅತ್ತಿಗೆ" ಅಂತಾರೆ. ಇದರ ಮೇಲೆ ಬೆಂಗಳೂರಿನ ಮಗಳ ಹೆರಿಗೆ ರಜೆ ಮುಗಿಯುತ್ತಾ ಬಂದಿದೆ, ಮಗು ನೋಡಿಕೊಳ್ಳಲು ಬಾ ಅಮ್ಮ ಅಂತ ದಿನಾ ಫೋನು.

ಯಾರನ್ನೂ ಕೈಬಿಡುವ ಮನಸ್ಸಿಲ್ಲ. ಯಾತ್ರೆಯನ್ನೂ ಬಿಡುವ ಮನಸ್ಸಿಲ್ಲ. ಇಂಥದ್ದು ನಿಭಾಯಿಸಿದವರು ದಯವಿಟ್ಟು ಹೇಳಿ.

ಮೈಸೂರು ರಾಯರು:
ಮೇಡಂ, ನಮ್ಮ ತಾಯಿಗೂ ಇದೇ ಕಾಯಿಲೆ ಇತ್ತು. ನನಗೆ ಗೊತ್ತಿರುವ ಮೊದಲ ಮಾತು, ಅತ್ತೆಯನ್ನು ಹುಬ್ಬಳ್ಳಿಗೋ ತುಮಕೂರಿಗೋ ಕಳಿಸಬೇಡಿ. ಜಾಗ ಬದಲಾದರೆ ಈ ಕಾಯಿಲೆಯವರಿಗೆ ಗಲಿಬಿಲಿ ಜಾಸ್ತಿ, ರಾತ್ರಿ ಎದ್ದು ಬಚ್ಚಲು ಎಲ್ಲಿ ಅಂತ ಹುಡುಕುವಾಗ ಬಿದ್ದುಬಿಡುತ್ತಾರೆ. ನೋಡಿಕೊಳ್ಳುವವರೇ ನಿಮ್ಮ ಮನೆಗೆ ಬರಲಿ. ನೀವು ಹೊರಡುವುದಕ್ಕೆ ಒಂದು ವಾರ ಮುಂಚೆಯೇ ಬರಲಿ. ಸಂಜೆಯ ಆ ಅಂಗಳದ ಸುತ್ತನ್ನು ನಿಮ್ಮ ಎದುರೇ ಅವರು ಹಾಕಿಸಲಿ. ಅದೊಂದು ಕೂಡಿಬಂದರೆ ಮುಕ್ಕಾಲು ಕೆಲಸ ಆದ ಹಾಗೆ.

ಇನ್ನು ಯಾತ್ರೆ. ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿ ನಾಲ್ಕೂ ಧಾಮ ಒಟ್ಟಿಗೆ ಅಂದರೆ ಹರಿದ್ವಾರದಿಂದಲೇ ಹತ್ತು ಹನ್ನೆರಡು ದಿನ ಬೇಕು. ಕೇದಾರ, ಬದರಿ ಎರಡೇ ಆದರೆ ಆರೇಳು ದಿನ ಸಾಕು, ನಿಮ್ಮ ಪರಿಸ್ಥಿತಿಗೆ ಅದೇ ಸರಿ. ಬದರಿಗೆ ದೇವಸ್ಥಾನದ ಹತ್ತಿರದವರೆಗೂ ರಸ್ತೆ ಇದೆ. ಕೇದಾರ 3,583 ಮೀಟರ್ ಎತ್ತರದಲ್ಲಿದೆ, ಗೌರಿಕುಂಡದಿಂದ ಸುಮಾರು 16 ಕಿ.ಮೀ. ಹತ್ತಬೇಕು, ಕುದುರೆ, ಡೋಲಿ, ಹೆಲಿಕಾಪ್ಟರ್ ಎಲ್ಲ ಇವೆ. ಬಿಪಿ, ಶುಗರ್ ಇದ್ದರೆ ಡಾಕ್ಟರಿಗೆ ತೋರಿಸದೆ ಹೋಗಬೇಡಿ. ಜುಲೈ, ಆಗಸ್ಟ್ ಬೇಡವೇ ಬೇಡ, ಗುಡ್ಡ ಕುಸಿದು ದಾರಿ ಕಟ್ಟಾದರೆ ಮನೆಗೆ ಬರಲಾಗದೆ ಸಿಕ್ಕಿಹಾಕಿಕೊಳ್ಳುತ್ತೀರಿ. ಸೆಪ್ಟೆಂಬರ್ ಕೊನೆಯಿಂದ ದೀಪಾವಳಿ ಒಳಗೆ ಒಳ್ಳೆಯದು. ಯಾತ್ರೆಗೆ ಮುಂಚೆ ಉತ್ತರಾಖಂಡ ಸರ್ಕಾರದ ನೋಂದಣಿ ಕಡ್ಡಾಯ. ನಾಲ್ಕು ಧಾಮದ ಯಾತ್ರೆಗೆ ನಮ್ಮ ರಾಜ್ಯದ ಮುಜರಾಯಿ ಇಲಾಖೆಯ ಸಹಾಯಧನವೂ ಉಂಟು, ಎರಡೇ ಧಾಮಕ್ಕೆ ಸಿಗುತ್ತದೋ ಇಲ್ಲವೋ ಸೇವಾಸಿಂಧುವಿನಲ್ಲಿ ನೋಡಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಊರಿಂದ ಕೆಟ್ಟ ಫೋನ್ ಬಂದರೂ ಕೇದಾರದಿಂದ ಇಳಿದು ಡೆಹ್ರಾಡೂನ್ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಒಂದೂವರೆ ಎರಡು ದಿನ ಹಿಡಿಯಬಹುದು. ಆ ಎರಡು ದಿನ ಆಸ್ಪತ್ರೆಯಲ್ಲಿ ತೀರ್ಮಾನ ಮಾಡುವವರು ಯಾರು ಅಂತ ಮಕ್ಕಳೆಲ್ಲ ಕೂತು ಈಗಲೇ ಒಪ್ಪಿಕೊಳ್ಳಿ.

ಹಾಸನದ ಅಜ್ಜಿ:
ನನ್ನ ಅಭಿಪ್ರಾಯ ಬೇರೆ. 84 ವಯಸ್ಸಿನವರನ್ನು ಬಿಟ್ಟು ಅಷ್ಟು ದೂರ ಹೋಗಿ ಮನಸ್ಸು ಇಲ್ಲೇ ಇದ್ದರೆ ಏನು ದರ್ಶನ? ನಾನಾಗಿದ್ದರೆ ಈಗ ಶೃಂಗೇರಿ, ಹೊರನಾಡು, ಕೊಲ್ಲೂರು ಅಂತ ಒಂದು ರಾತ್ರಿಯ ಪ್ರವಾಸ ಮಾಡಿಕೊಂಡು ಇರುತ್ತಿದ್ದೆ. ಅವರು ಇರುವಷ್ಟು ದಿನ ಅವರ ಜೊತೆ ಇರಿ.

ಎರಡು ಮಕ್ಕಳ ತಾಯಿ, ಬೆಂಗಳೂರು:
ಅಜ್ಜಿ, ನಿಮ್ಮ ಮಾತಿನಲ್ಲಿರುವ ಪ್ರೀತಿ ಅರ್ಥವಾಗುತ್ತದೆ. ಆದರೆ ಟೀಚರ್ ಅತ್ತೆ ಇನ್ನೂ ಹತ್ತು ವರ್ಷ ಚೆನ್ನಾಗಿರಲಿ ಅಂತಲೇ ನಾವೆಲ್ಲ ಬಯಸುವುದು ಅಲ್ವಾ, ಆಗ ಟೀಚರ್‌ಗೆ ಎಪ್ಪತ್ತು ದಾಟಿರುತ್ತದೆ, ಕೇದಾರ ಹತ್ತುವುದು ಯಾವಾಗ?

ನಾನು ಮಗಳ ಜಾಗದಿಂದ ಹೇಳುತ್ತೇನೆ. ಆಂಟಿ, ನೇರವಾಗಿ ಹೇಳಿಬಿಡಿ. "ನೋಡೋಣ" ಅಂದರೆ ನಾವು "ಬರ್ತಾರೆ" ಅಂತ ತಿಳಿದುಕೊಂಡು ಬೇರೆ ಏರ್ಪಾಡು ಮಾಡುವುದೇ ಇಲ್ಲ. ಕೆಲಸಕ್ಕೆ ವಾಪಸ್ ಹೋಗುವ ಮೊದಲ ಎರಡು ಮೂರು ವಾರ ತುಂಬಾ ಕಷ್ಟ, ಆಗ ನಿಮ್ಮಿಬ್ಬರಲ್ಲಿ ಒಬ್ಬರು ಬಂದರೆ ಸಾಕು. ತಾತನೂ ಮಗು ನೋಡಿಕೊಳ್ಳಬಹುದು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಬಂದಾಗಿನಿಂದ 50 ಮತ್ತು ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕು ಅಂತ ನಿಯಮ ಇದೆ. ಆಫೀಸಿನಲ್ಲಿ ಕೇಳಲು ಹೇಳಿ, ಎಷ್ಟೋ ಹುಡುಗಿಯರು ಕೇಳುವುದೇ ಇಲ್ಲ.

ಉಡುಪಿ ನರ್ಸ್:
ವಯಸ್ಸಾದವರನ್ನು ನೋಡಿಕೊಳ್ಳುವುದೇ ನನ್ನ ಕೆಲಸ, ಅದಕ್ಕೆ ಬರೆಯುತ್ತಿದ್ದೇನೆ. ಮಾತ್ರೆಯ ಪಟ್ಟಿ ಎಲ್ಲರೂ ಬರೆದಿಡುತ್ತಾರೆ. ಅದರ ಜೊತೆ ಅವರು ಯಾವ ಹೆಸರಿಗೆ ಓಗೊಡುತ್ತಾರೆ, ಸ್ನಾನ ಯಾವ ಹೊತ್ತಿಗೆ, ಅನ್ನ ಎಷ್ಟು ಮೆತ್ತಗೆ, ಅಪ್ಪನ ವಿಷಯ ಎತ್ತಿದಾಗ ಏನು ಹೇಳಿದರೆ ಸಮಾಧಾನ ಆಗುತ್ತಾರೆ, ಇದನ್ನೆಲ್ಲ ಬರೆದು ಗೋಡೆಗೆ ಅಂಟಿಸಿ. ಬಚ್ಚಲ ಒಳಗಿನ ಚಿಲಕ ತೆಗೆಸಿ. ಇದ್ದಕ್ಕಿದ್ದಂತೆ ಒಂದೇ ದಿನದಲ್ಲಿ ಗಲಿಬಿಲಿ ಜಾಸ್ತಿಯಾದರೆ "ಮರೆವು ಜೋರಾಯಿತು" ಅಂತ ಸುಮ್ಮನಿರಬಾರದು, ಮೂತ್ರದ ಸೋಂಕೋ ಮಲಬದ್ಧತೆಯೋ ಇರಬಹುದು, ಡಾಕ್ಟರಿಗೆ ತೋರಿಸಬೇಕು ಅಂತ ನೋಡಿಕೊಳ್ಳುವವರಿಗೆ ಹೇಳಿ. ಹಿರಿಯರ ಸಹಾಯವಾಣಿ 14567, ಮನಸ್ಸಿಗೆ ಭಾರ ಆದಾಗ ಮಾತಾಡಲು ಟೆಲಿ ಮಾನಸ್ 14416. ಎರಡನೆಯದು ನಿಮಗೂ ಬೇಕಾಗಬಹುದು ಅಕ್ಕ.

ತುಂಗಾತೀರದ ಟೀಚರ್:
ಎಲ್ಲರಿಗೂ ಧನ್ಯವಾದ. ಯಜಮಾನರಿಗೆ ಎಲ್ಲ ಓದಿ ಹೇಳಿದೆ. ಅಕ್ಟೋಬರಿನಲ್ಲಿ ಎರಡೇ ಧಾಮ ಅಂತ ಮಾತಾಡಿಕೊಂಡಿದ್ದೇವೆ. ನಾದಿನಿಗೆ ನಿನ್ನೆ ಫೋನ್ ಮಾಡಿ, ಅಮ್ಮನ ಜೊತೆ ಇರಲು ದಸರಾ ರಜೆಯಲ್ಲಿ ಬರಬೇಕು ಅಂತ ತಾರೀಕು ಹಿಡಿದೇ ಕೇಳಿದೆ, ಬರುತ್ತೇನೆ ಅಂದರು. ಹೋಮ್ ನರ್ಸ್ ಖರ್ಚು ಮೈದುನರ ಪಾಲಿಗೆ, ಅದನ್ನು ಯಜಮಾನರೇ ಮಾತಾಡುತ್ತಾರೆ. ಅಜ್ಜಿ, ನಿಮ್ಮ ಮಾತನ್ನೂ ತೆಗೆದುಹಾಕಿಲ್ಲ, ಅದಕ್ಕೂ ಮುಂಚೆ ಒಂದು ರಾತ್ರಿ ಕೊಲ್ಲೂರಿಗೆ ಹೋಗಿ ಅತ್ತೆ ಹೇಗಿರುತ್ತಾರೆ ಅಂತ ನೋಡುತ್ತೇವೆ. ಮಗಳ ಹತ್ತಿರ ಇನ್ನೂ ಮಾತಾಡಬೇಕು. ಶಿವಮೊಗ್ಗದಲ್ಲಿ ರಾತ್ರಿಯೂ ಉಳಿಯುವ, ನಂಬಿಕೆಯ ಹೋಮ್ ನರ್ಸ್ ಯಾರಾದರೂ ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ.