ಗೀಸರ್ ಲೈಟ್ ಬೇಗ ಆರುತ್ತದೆ, ನೀರು ಮಾತ್ರ ಉಗುರುಬೆಚ್ಚಗೆ

ಪ್ರಶ್ನೆ (ರಾಯಚೂರು): ಅಣ್ಣ, ನಮ್ಮದು 25 ಲೀಟರ್ ಗೀಸರ್, 2000 ವ್ಯಾಟ್. ತಂದು 3 ವರ್ಷ ಆಯಿತು. ಮನೆಗೆ ಬೋರ್ ನೀರು. ಈಗ ಹತ್ತೇ ನಿಮಿಷಕ್ಕೆ ಲೈಟ್ ಆರುತ್ತದೆ, ನೀರು ಉಗುರುಬೆಚ್ಚಗೆ ಬರುತ್ತದೆ. ಒಳಗೆ ಕಟಕಟ ಸದ್ದು ಬೇರೆ. ಥರ್ಮೋಸ್ಟಾಟ್ (ನೀರು ಕಾದ ಮೇಲೆ ಕರೆಂಟ್ ಕಡಿಯುವ ಭಾಗ) ಹೋಗಿದೆ ಅಂದರು. ಹೊಸದು ಹಾಕಿಸಿದರೂ ಅದೇ ಕಥೆ. ಗೀಸರೇ ಬದಲಿಸಲಾ?

ಉತ್ತರ: ಬದಲಿಸಬೇಡಿ. ಇದು ಸುಣ್ಣದ ಕೆಲಸ. ಗಡಸು ನೀರು ಕಾದಾಗ ಅದರಲ್ಲಿರುವ ಸುಣ್ಣ ಬೇರೆಯಾಗಿ, ನೀರು ಕಾಯಿಸುವ ಕಾಯಿಲ್ ಮೇಲೆ ಪದರ ಪದರವಾಗಿ ಕೂರುತ್ತದೆ. ಬೋರ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುತ್ತದಲ್ವಾ, ಅದೇ ಇದು. ಕಾಯಿಲ್‌ನ ಪಕ್ಕದಲ್ಲೇ ಥರ್ಮೋಸ್ಟಾಟ್ ಕೂರುವ ಕೊಳವೆ ಇರುತ್ತದೆ. ಸುಣ್ಣ ಎರಡನ್ನೂ ಸೇರಿಸಿ ಮುಚ್ಚಿದರೆ ಥರ್ಮೋಸ್ಟಾಟ್‌ಗೆ ನೀರಿನ ಬಿಸಿ ಗೊತ್ತಾಗುವುದಿಲ್ಲ, ಕಾಯಿಲ್‌ನ ಬಿಸಿ ಗೊತ್ತಾಗುತ್ತದೆ. ನೀರು ಕಾದಿದೆ ಅಂದುಕೊಂಡು ಕರೆಂಟ್ ಕಡಿಯುತ್ತದೆ. ಹೊಸ ಥರ್ಮೋಸ್ಟಾಟ್ ಕೂಡ ಅದೇ ಕೊಳವೆಗೆ ಹೋಯಿತು, ಅದು ತಾನೇ ಏನು ಮಾಡೀತು? ಆ ಕಟಕಟ ಸದ್ದು, ಸುಣ್ಣದ ಅಡಿಗೆ ಸಿಕ್ಕಿಕೊಂಡ ನೀರು ಕುದಿಯುವ ಸದ್ದು.

ಲೆಕ್ಕ ಹಾಕಿ ನೋಡಿ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 1 ಯೂನಿಟ್ ಬೇಕು. 2000 ವ್ಯಾಟ್ ಕಾಯಿಲ್‌ಗೆ ಅದು ಅರ್ಧ ಗಂಟೆಯ ಕೆಲಸ. ತಣ್ಣೀರಿಂದ ಶುರುವಾಗಿ ಹತ್ತು ನಿಮಿಷಕ್ಕೇ ಲೈಟ್ ಆರಿದರೆ ನೀರು ಕಾದಿರಲು ಸಾಧ್ಯವೇ ಇಲ್ಲ.

ಮೆಕ್ಯಾನಿಕ್ ಬಂದಾಗ ಪಕ್ಕದಲ್ಲೇ ನಿಂತು ನೋಡಿ. ಮೊದಲು ಎಂಸಿಬಿ (ಬೋರ್ಡಿನಲ್ಲಿ ಲೈನ್ ಕಡಿಯುವ ಸ್ವಿಚ್) ಇಳಿಸಬೇಕು, ಆಮೇಲೆ ನೀರು ಖಾಲಿ ಮಾಡಬೇಕು. ಕಾಯಿಲ್ ಹೊರಗೆ ತೆಗೆದು, ಲೀಟರ್ ಬಿಸಿನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ನೆನೆಸಬೇಕು. ವೈರ್ ಕೂರುವ ತುದಿ ಒದ್ದೆಯಾಗಬಾರದು. ಸುಣ್ಣ ತಾನಾಗಿ ಬಿಡುತ್ತದೆ. ಸುತ್ತಿಗೆಯಲ್ಲಿ ಬಡಿಯಲು ಬಿಡಬೇಡಿ, ಕಾಯಿಲ್ ಸೀಳುತ್ತದೆ. ಕಕ್ಕಸು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ, ಲೋಹವನ್ನೇ ತಿನ್ನುತ್ತದೆ. ಟ್ಯಾಂಕಿನ ತಳದ ಕೆಸರು ತೊಳೆದು, ಹೊಸ ರಬ್ಬರ್ ಗ್ಯಾಸ್ಕೆಟ್ ಹಾಕಿ ಮುಚ್ಚಿಸಿ. ಬಿಸಿನೀರಿನ ನಲ್ಲಿಯಲ್ಲಿ ನೀರು ತುಂಬಿ ಬರುವ ತನಕ ಸ್ವಿಚ್ ಹಾಕಬೇಡಿ. ನೀರಿಲ್ಲದೆ ಕಾಯಿಲ್ ಕಾದರೆ ನಿಮಿಷಗಳಲ್ಲೇ ಸುಟ್ಟುಹೋಗುತ್ತದೆ.

ಬೋರ್ ನೀರಿನ ಮನೆಯಲ್ಲಿ ಈ ಕೆಲಸ ವರ್ಷಕ್ಕೊಮ್ಮೆ ಆಗಬೇಕು. ದೀಪಾವಳಿಗೆ ಮೊದಲು ಮಾಡಿಸಿದರೆ ಚಳಿಗಾಲ ನಿಶ್ಚಿಂತೆ.

ಪ್ರಶ್ನೆ (ಸಿಂಧನೂರು): ಗೀಸರ್ ಹಾಕಿದಾಗ ಪಕ್ಕದ ವಾಲ್ವ್‌ನಿಂದ ಹನಿ ಹನಿ ಬೀಳುತ್ತದೆ. ಪ್ಲಗ್ ಹಾಕಿ ಬಂದ್ ಮಾಡಲಾ?

ಉತ್ತರ: ದಯವಿಟ್ಟು ಬೇಡ. ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ 60 ಡಿಗ್ರಿಗೆ ಬರುವಾಗ ಸುಮಾರು 350 ಮಿಲಿ ಜಾಸ್ತಿ ಆಗುತ್ತದೆ. ಅದು ಹೋಗುವ ದಾರಿ ಆ ವಾಲ್ವ್. ಅದನ್ನು ಮುಚ್ಚಿದರೆ ಒತ್ತಡವೆಲ್ಲ ಟ್ಯಾಂಕಿನ ಮೇಲೆ ಬೀಳುತ್ತದೆ, ಟ್ಯಾಂಕ್ ಒಡೆದುಹೋಗಬಹುದು. ಸಣ್ಣ ಪೈಪ್ ಕೊಟ್ಟು ಬಚ್ಚಲ ಮೋರಿಗೆ ಬಿಡಿ. ಸ್ವಿಚ್ ಆರಿಸಿದ ಮೇಲೂ ಇಡೀ ದಿನ ಸುರಿದರೆ ಮಾತ್ರ ವಾಲ್ವ್ ಬದಲಿಸಿ.

ಪ್ರಶ್ನೆ (ದೇವದುರ್ಗ): ನಮ್ಮಲ್ಲಿ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುತ್ತಿದ್ದೇವೆ.

ಉತ್ತರ: ಇದನ್ನು ಓದಿದ ತಕ್ಷಣ ಎದ್ದು ಹೋಗಿ ಎಂಸಿಬಿ ಇಳಿಸಿ. ಚಪ್ಪಲಿ ಕಾಪಾಡುವುದಿಲ್ಲ. ಇಲ್ಲಿ ಎರಡು ತಪ್ಪು ಒಟ್ಟಿಗೇ ಆಗಿವೆ. ಕಾಯಿಲ್ ಸೀಳಿಯೋ ವೈರ್ ಸುಲಿದೋ ಕರೆಂಟ್ ಸೋರುತ್ತಿದೆ. ಅದನ್ನು ನೆಲಕ್ಕೆ ಒಯ್ಯಬೇಕಾದ ಅರ್ತಿಂಗ್ ಸತ್ತಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿ ಬಿರಿಯುತ್ತದೆ, ಆಗ ಅದು ಇದ್ದೂ ಇಲ್ಲದ ಹಾಗೆ. ಗುಂಡಿಗೆ ಆಗಾಗ ನೀರು ಹಾಕಬೇಕು. ಕಾಯಿಲನ್ನು ಮೆಗ್ಗರ್ (ಕರೆಂಟ್ ಸೋರಿಕೆ ಪತ್ತೆಹಚ್ಚುವ ಮೀಟರ್) ಹಿಡಿದು ಪರೀಕ್ಷೆ ಮಾಡಿಸಿ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿ. ಕರೆಂಟ್ ಸೋರಿದ ಕ್ಷಣದಲ್ಲೇ ಅದು ಲೈನ್ ಕಡಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ ಅಂದರೆ ಇದೊಂದು ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಪ್ರಶ್ನೆ (ಗಂಗಾವತಿ): ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಗೀಸರ್ ಎಷ್ಟು ತಿನ್ನುತ್ತದೆ?

ಉತ್ತರ: ಒಬ್ಬರಿಗೆ 20 ಲೀಟರ್‌ನ ಒಂದು ಬಕೆಟ್, ಹದವಾಗಿ 40 ಡಿಗ್ರಿ ಅಂದುಕೊಳ್ಳಿ. ತಣ್ಣೀರು 25 ಡಿಗ್ರಿ ಇದ್ದರೆ 0.35 ಯೂನಿಟ್ ಸಾಕು. ನಾಲ್ಕು ಜನಕ್ಕೆ ತಿಂಗಳಿಗೆ 42 ಯೂನಿಟ್. ಇದಕ್ಕಿಂತ ಬಹಳ ಜಾಸ್ತಿ ಹೋಗುತ್ತಿದ್ದರೆ ಸ್ವಿಚ್ ಸುಮ್ನೆ ಆನ್ ಇರುತ್ತದೆ ಅಂತಲೇ ಅರ್ಥ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಮುಗಿಸಿ, ಆರಿಸಿ. ಥರ್ಮೋಸ್ಟಾಟ್ 55ರಿಂದ 60ರ ಒಳಗಿರಲಿ. ಅದಕ್ಕಿಂತ ಏರಿಸಿದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತದೆ. ಏಪ್ರಿಲ್, ಮೇನಲ್ಲಿ ನಮಗೆ ಗೀಸರ್ ಯಾಕೆ? ಮಾಳಿಗೆಯ ಟ್ಯಾಂಕಿನ ನೀರೇ ಸುಡುತ್ತದೆ. ಆಗ ಗೀಸರ್ ಆರಿಸಿಟ್ಟರೆ ಅದರೊಳಗೆ ನಿಂತ ನೀರೇ ತಂಪಾಗಿರುತ್ತದೆ, ಒಂದು ಬಕೆಟ್ ಸಿಗುತ್ತದೆ.

ಪ್ರಶ್ನೆ (ಲಿಂಗಸುಗೂರು): ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ಗೀಸರ್ ಹಾಳಾಗುತ್ತದಾ?

ಉತ್ತರ: ಹಾಳಾಗುವುದಿಲ್ಲ, ನಿಧಾನವಾಗುತ್ತದೆ. 2000 ವ್ಯಾಟ್ ಕಾಯಿಲ್ ಆಗ ಸುಮಾರು 1200 ವ್ಯಾಟ್‌ನಷ್ಟೇ ಕೆಲಸ ಮಾಡುತ್ತದೆ. ಅರ್ಧ ಗಂಟೆಯ ಬದಲು 50 ನಿಮಿಷ ಬೇಕು. ಯೂನಿಟ್ ಹೆಚ್ಚೂಕಡಿಮೆ ಅಷ್ಟೇ.

ರಾಯಚೂರಿನ ಮೊದಲ ಪ್ರಶ್ನೆಯವರು: ಅಣ್ಣ, ಇವತ್ತು ಬಿಚ್ಚಿಸಿದೆ. ಎರಡು ಮಗ್ ಸುಣ್ಣ ಬಂತು! ಕಾಯಿಲ್ ಚೆನ್ನಾಗಿದೆ, ಸದ್ದೂ ಹೋಯಿತು. ಅದರ ಪಕ್ಕ ಬೆರಳಿನಂಥ ಒಂದು ಕಡ್ಡಿ ಇತ್ತು, ಅಲ್ಲಲ್ಲಿ ತಿಂದುಹೋಗಿದೆ.

ಉತ್ತರ: ಅದು ಮೆಗ್ನೀಶಿಯಂ ಆನೋಡ್. ಟ್ಯಾಂಕಿಗೆ ತುಕ್ಕು ಹಿಡಿಯದ ಹಾಗೆ ತಾನು ಸವೆಯುವುದೇ ಅದರ ಕೆಲಸ. ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಹೊಸದು ಹಾಕಿಸಿ. ಫೋಟೋ ಹಾಕಿ, ನೋಡಿ ಹೇಳುತ್ತೇನೆ.